ಮಲೂಮದಲ್ಲಿ ಉಳಿಯುತ್ತೀರಾ, ಟಕೇಟೆಯಲ್ಲೋ?

ಕಾಸರಗೋಡಿನ ಬೇಕಲ ಕೋಟೆ ನೋಡಲು ಬಂದಿದ್ದೀರಿ, ರಾತ್ರಿ ಅಲ್ಲೇ ಎಲ್ಲಾದರೂ ಉಳಿಯಬೇಕು ಅಂದುಕೊಳ್ಳಿ. ಫೋನಿನಲ್ಲಿ ಎರಡು ಹೋಂಸ್ಟೇ ಸಿಕ್ಕವು. ಒಂದರ ಹೆಸರು ‘ಮಲೂಮ’, ಇನ್ನೊಂದರದು ‘ಟಕೇಟೆ’. ಬಾಡಿಗೆ ಒಂದೇ. ಫೋಟೊ ಎರಡಕ್ಕೂ ಇಲ್ಲ. ಹಾಸಿಗೆ ಎಲ್ಲಿ ಮೆತ್ತಗಿದ್ದೀತು?

ಮಲೂಮ ಅಂದಿರಿ, ಅಲ್ವಾ? ಹೋಂಸ್ಟೇಗಳು ನನ್ನ ಕಲ್ಪನೆ. ಹೆಸರುಗಳು ಮಾತ್ರ ಹಳೆಯವು. ಮನಶ್ಶಾಸ್ತ್ರಜ್ಞ ವೋಲ್ಫ್‌ಗಾಂಗ್ ಕೋಲರ್ 1929ರಲ್ಲಿ ಎರಡು ಚಿತ್ರ ಬರೆದ. ಒಂದು ಗುಂಡಗೆ ಉಬ್ಬುಬ್ಬಾಗಿದೆ, ಇನ್ನೊಂದಕ್ಕೆ ಮೈತುಂಬ ಮೊನೆ. ಇವಕ್ಕೆ ‘ಬಲೂಮ’, ‘ಟಕೇಟೆ’ ಎಂಬ ಅರ್ಥವಿಲ್ಲದ ಹೆಸರು ಕೊಟ್ಟು, ಯಾವ ಹೆಸರು ಯಾವ ಚಿತ್ರಕ್ಕೆ ಎಂದು ಕೇಳಿದ. (ಬಲೂಮ ಮುಂದೆ ಮಲೂಮ ಆಯಿತು.) ಗುಂಡಗಿನದ್ದು ಬಲೂಮ, ಮೊನಚಿನದ್ದು ಟಕೇಟೆ. ಜನರಿಗೆ ಯೋಚಿಸುವ ಅಗತ್ಯವೇ ಬೀಳುವುದಿಲ್ಲ. 2001ರಲ್ಲಿ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಮತ್ತು ಎಡ್ವರ್ಡ್ ಹಬ್ಬಾರ್ಡ್ ಇದನ್ನೇ ‘ಬೂಬಾ’, ‘ಕಿಕಿ’ ಎಂಬ ಹೆಸರಿನಲ್ಲಿ ಅಮೆರಿಕದ ವಿದ್ಯಾರ್ಥಿಗಳಿಗೂ ತಮಿಳರಿಗೂ ಕೇಳಿದರು. ಉತ್ತರ ಎರಡೂ ಕಡೆ ಒಂದೇ. ಆಮೇಲೆ 25 ಭಾಷೆಗಳ 917 ಜನರನ್ನು ಕೇಳಿದ ದೊಡ್ಡ ಅಧ್ಯಯನದಲ್ಲೂ ಶೇಕಡಾ 72ರಷ್ಟು ಉತ್ತರ ಹೀಗೇ ಬಂತು.

ಆಕಾರದ ಮಾತು ಬಿಡಿ, ಹೋಟೆಲಿನವರಿಗೆ ಬೇಕಾದ್ದು ರುಚಿ. 2004ರಲ್ಲಿ ಎರಿಕ್ ಯಾರ್ಕ್‌ಸ್ಟನ್ ಮತ್ತು ಗೀತಾ ಮೆನನ್ ಒಂದು ಹೊಸ ಐಸ್‌ಕ್ರೀಮಿನ ವಿವರ ಜನರ ಮುಂದಿಟ್ಟರು. ಕೆಲವರಿಗೆ ಅದರ ಹೆಸರು ‘ಫ್ರಾಷ್’, ಇನ್ನು ಕೆಲವರಿಗೆ ‘ಫ್ರಿಷ್’. ಬದಲಾದದ್ದು ಒಂದು ಸ್ವರ ಮಾತ್ರ. ಆದರೂ ಫ್ರಾಷ್ ಹೆಚ್ಚು ಕೆನೆಕೆನೆಯಾಗಿ, ನುಣುಪಾಗಿ ಇರುತ್ತದೆ ಎಂದು ಜನ ನಂಬಿದರು. ಯಾರೂ ಒಂದು ಚಮಚ ತಿಂದಿರಲಿಲ್ಲ!

ಯಾಕೆ ಹೀಗೆ? ಸುಮ್ನೆ ‘ಇ’ ಅಂತ ಹೇಳಿ ನೋಡಿ. ನಾಲಗೆ ಮೇಲೆದ್ದು ಮುಂದೆ ಬರುತ್ತದೆ, ಬಾಯೊಳಗೆ ಜಾಗ ಕಿರಿದಾಗುತ್ತದೆ. ‘ಆ’ ಅಂದರೆ ದವಡೆ ಇಳಿದು ಬಾಯಿ ತೆರೆದುಕೊಳ್ಳುತ್ತದೆ. ಎಡ್ವರ್ಡ್ ಸಪೀರ್ ಎಂಬ ಭಾಷಾವಿಜ್ಞಾನಿ, ‘ಮಿಲ್’ ಮತ್ತು ‘ಮಲ್’ ಎರಡೂ ಮೇಜಿನ ಹೆಸರಾದರೆ ದೊಡ್ಡದು ಯಾವುದು ಎಂದು ಕೇಳಿದಾಗ ಸುಮಾರು ಶೇಕಡಾ 80 ಮಂದಿ ಮಲ್ ಎಂದಿದ್ದರು. ಅದೂ 1929ರಲ್ಲೇ. ಧ್ವನಿವಿಜ್ಞಾನಿ ಜಾನ್ ಓಹಾಲ ಇದನ್ನು ಪ್ರಾಣಿಗಳವರೆಗೆ ಒಯ್ದ. ಸಣ್ಣ ಪ್ರಾಣಿಯ ದನಿ ಕೀಚಲು, ದೊಡ್ಡದರದ್ದು ದಪ್ಪ. ನಮ್ಮ ಕಿವಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ವ್ಯಂಜನಗಳದ್ದೂ ಹೀಗೇ. ಕ, ಟ ಹೇಳುವಾಗ ಉಸಿರನ್ನು ತಡೆದು ಫಕ್ಕನೆ ಬಿಡುತ್ತೇವೆ. ಮ, ಲ ಎಷ್ಟು ಹೊತ್ತು ಬೇಕಾದರೂ ಎಳೆಯಬಹುದು.

ಕನ್ನಡದವರಿಗೆ ಇದೇನು ಹೊಸತಲ್ಲ. ಚಕ್ಕುಲಿ ಕುರುಕುರು, ಬೆಂಡೆಕಾಯಿ ಲೋಳೆಲೋಳೆ. ಅದಲುಬದಲು ಮಾಡಿದರೆ ಬಾಯಿಗೇ ಒಗ್ಗುವುದಿಲ್ಲ. ‘ಕುರ್‌ಕುರೆ’ ಎಂದು ಪೊಟ್ಟಣದ ತಿಂಡಿಗೆ ಹೆಸರಿಟ್ಟವರೂ ಈ ದಾರಿಯಲ್ಲೇ ನಡೆದದ್ದು. ಹಾಗಂತ ಇದನ್ನು ನಿಯಮ ಮಾಡಿಕೊಳ್ಳಬೇಡಿ. ‘ಕಿರಿಯ’ದಲ್ಲಿರುವ ಇಕಾರವೇ ‘ಹಿರಿಯ’ದಲ್ಲೂ ಇದೆ.

ಇನ್ನೊಂದು ಪ್ರಯೋಗ ನಮ್ಮ ವರ್ಣಮಾಲೆಗೆ ಹೇಳಿ ಮಾಡಿಸಿದಂತಿದೆ. ಕ ಚ ಟ ತ ಪ ಎನ್ನುವಾಗ ದನಿ ಗಂಟಲ ಕಡೆಯಿಂದ ತುಟಿಗೆ ಬರುತ್ತದೆ, ಉಗುಳುವಾಗಿನ ಹಾಗೆ. ಪ ತ ಕ ಎಂದರೆ ಒಳಗೆ ಹೋಗುತ್ತದೆ, ನುಂಗುವಾಗಿನ ಹಾಗೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಸಾಶ ಟೊಪೊಲಿನ್‌ಸ್ಕಿ ಮತ್ತು ಜೊತೆಗಾರರು 2014ರಿಂದೀಚೆಗೆ ತೋರಿಸಿದ್ದು ಇಷ್ಟು: ಒಳಮುಖದ ಹೆಸರುಗಳು ಜನರಿಗೆ ತುಸು ಜಾಸ್ತಿ ಹಿಡಿಸುತ್ತವೆ. ಇಲ್ಲದ ಅಡುಗೆಗಳಿಗೆ ಇಂಥ ಹೆಸರಿಟ್ಟರೆ ಅವು ರುಚಿಯಾಗಿದ್ದಾವು ಅನಿಸುತ್ತದೆ. ಪರಿಣಾಮ ಸಣ್ಣದು. ನುಂಗುವ ವಿವರಣೆ ಎಲ್ಲ ಸಂಶೋಧಕರಿಗೂ ಒಪ್ಪಿಗೆಯಿಲ್ಲ, ನನಗೂ ಅದು ಸ್ವಲ್ಪ ಅತಿಯಾಯಿತು ಅನಿಸುತ್ತದೆ. ‘ಬೇಕಲ’ವನ್ನೇ ತಗೊಳ್ಳಿ. ಬ-ದಿಂದ ಕ-ಕ್ಕೆ ಒಳಗೆ ಹೋಗಿ, ಲ-ಕ್ಕೆ ವಾಪಸ್ ಬರುತ್ತದೆ. ಪ್ರವಾಸಿಗರು ಬರುವುದು ಹೆಸರಿನ ದನಿಗಲ್ಲ, ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆಗೆ, ಕಡಲಿಗೆ.

ದನಿ, ರುಚಿ, ಆಕಾರಗಳ ಈ ಹೊಂದಿಕೆ ಎಲ್ಲ ಕಡೆಯೂ ಒಂದೇ ಥರ ಇಲ್ಲ. ನಮೀಬಿಯದ ಹಿಂಬಾ ಜನ ಬೂಬಾ-ಕಿಕಿಗೆ ಎಲ್ಲರಂತೆಯೇ ಉತ್ತರಿಸಿದರು. ಸೋಡಾ ನೀರಿಗೆ ಮೊನಚು ಆಕಾರ ಎಂಬ ಪಾಶ್ಚಾತ್ಯರ ಹೊಂದಿಕೆ ಮಾತ್ರ ಅವರಲ್ಲಿ ಕಾಣಲಿಲ್ಲ. ನೇಪಾಳದ ಸ್ಯೂಬ ಭಾಷೆಯವರಲ್ಲಿ ಬೂಬಾ-ಕಿಕಿಯೇ ಕೆಲಸ ಮಾಡಲಿಲ್ಲ. ಆ ಪದಗಳು ಅವರ ಭಾಷೆಯ ಧ್ವನಿಕಟ್ಟಿಗೆ ಹೊಂದುತ್ತಿರಲಿಲ್ಲ ಎಂಬುದು ಸಂಶೋಧಕರು ಕೊಟ್ಟ ಕಾರಣ.

ಕಾಸರಗೋಡಿನಲ್ಲಿ ಹೋಟೆಲು, ರಿಸಾರ್ಟು ತೆರೆಯುವವರಿಗೆ ಇದು ಕೆಲಸಕ್ಕೆ ಬರುವ ಮಾತು. ಇಲ್ಲಿ ಒಂದು ಹೆಸರು ಕನ್ನಡ, ಮಲಯಾಳ, ತುಳು, ಬ್ಯಾರಿ, ಕೊಂಕಣಿ ಬಾಯಿಗಳನ್ನೆಲ್ಲ ಹಾದು ಬರಬೇಕು. ಪಟ್ಟಣದ ಏಜೆನ್ಸಿಯವರು ಚುರುಕಾಗಿರಲಿ ಅಂತ ಕೊನೆಗೆ ‘ಕ್’, ‘ಟ್’ ಬರುವ ಹೆಸರು ಕೊಡುತ್ತಾರೆ. ನಾವು ಅದಕ್ಕೊಂದು ಉಕಾರ ಸೇರಿಸಿ ತಣ್ಣಗೆ ಮಾಡುತ್ತೇವೆ. ಮಲಯಾಳಿಗಳು ಅರ್ಧ ಉಕಾರ ಸೇರಿಸುತ್ತಾರೆ. ಅದಕ್ಕಿಂತ ಕಷ್ಟ ಇಂಗ್ಲಿಷ್ ಅಕ್ಷರದ್ದು. ಅದರಲ್ಲಿ ಟ-ತ, ಡ-ದ, ಲ-ಳ ಎಲ್ಲ ಒಂದೇ, ದೀರ್ಘವೂ ಸರಿಯಾಗಿ ಕಾಣುವುದಿಲ್ಲ. ‘ಮಲೆಮನೆ’ ಅಂತ ಹೆಸರಿಟ್ಟರೆ ಅರ್ಧ ಜನ ‘ಮಳೆಮನೆ’ ಎಂದು ಓದುತ್ತಾರೆ. ಎಷ್ಟು ಯೋಚಿಸಿ ಆರಿಸಿದ ಸ್ವರವಾದರೂ ಬೋರ್ಡಿನಲ್ಲೇ ಕಳೆದುಹೋಗುತ್ತದೆ. ಕೆಳಗೆ ಕನ್ನಡ, ಮಲಯಾಳ ಎರಡರಲ್ಲೂ ಬರೆಸಿದರೆ ಉಚ್ಚಾರ ನಿಮ್ಮ ಕೈಯಲ್ಲೇ ಇರುತ್ತದೆ. ಪೈಂಟರಿಗೆ ಇನ್ನಷ್ಟು ದುಡ್ಡು ಕೊಡಬೇಕಾಗುತ್ತದೆ, ಅಷ್ಟೇ.

ಫ್ರಾಷ್ ಪ್ರಯೋಗದಲ್ಲೇ ಇನ್ನೊಂದು ಸಂಗತಿಯಿದೆ. ಇದು ಸದ್ಯಕ್ಕಿಟ್ಟ ಪರೀಕ್ಷೆಯ ಹೆಸರು ಎಂದು ಮೊದಲೇ ತಿಳಿದವರ ಮೇಲೆ ಹೆಸರಿನ ಪ್ರಭಾವ ತಗ್ಗಿತು. ಹೆಸರಿನ ದನಿಗೆ ಬಲ ಇರುವುದು ಬೇರೇನೂ ಗೊತ್ತಿಲ್ಲದಾಗ. ಹಾಗಾಗಿ ಹೆದ್ದಾರಿಯಲ್ಲಿ ಮೊದಲ ಸಲ ಹೋಗುವವರಿಗೆ ಬೋರ್ಡು ಮುಖ್ಯ. ದಿನಾ ಚಾಯ ಕುಡಿಯಲು ಬರುವವರು ಹೆಸರನ್ನೇ ಹೇಳುವುದಿಲ್ಲ, ‘ಬಸ್‌ಸ್ಟ್ಯಾಂಡ್ ಎದುರಿನದ್ದು’ ಅನ್ನುತ್ತಾರೆ.