ಗೆಳೆತನಕ್ಕೆ ಬೇಕಾದ 200 ಗಂಟೆ

ಉಡುಪಿಗೆ ಕೆಲಸಕ್ಕೆ ಬಂದ ಮೊದಲ ವರ್ಷ ನನಗೆ ಪರಿಚಯದವರಿಗೆ ಕೊರತೆ ಇರಲಿಲ್ಲ. ಸಿಟಿ ಬಸ್ಸಿನಲ್ಲಿ ದಿನಾ ನಗುವವರು, ಆಫೀಸಿನಲ್ಲಿ "ಊಟ ಆಯ್ತಾ?" ಎಂದು ಕೇಳುವವರು, ಎಲ್ಲ ಒಳ್ಳೆಯವರೇ. ಆದರೆ ಒಂದು ರಾತ್ರಿ ಜ್ವರ ಏರಿದಾಗ ಯಾರಿಗೆ ಫೋನ್ ಮಾಡುವುದೆಂದು ತೋಚಲಿಲ್ಲ. ನನ್ನ ಸ್ವಭಾವದಲ್ಲೇ ಏನೋ ಕೊರತೆ ಎಂದುಕೊಂಡಿದ್ದೆ.

ಕೊರತೆ ಇದ್ದದ್ದು ಗಂಟೆಗಳದ್ದು. ಅಮೆರಿಕದ ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್, ಹೊಸ ಊರಿಗೆ ಹೋದ ವಯಸ್ಕರನ್ನೂ ಹೊಸದಾಗಿ ಕಾಲೇಜು ಸೇರಿದವರನ್ನೂ ವಿಚಾರಿಸಿ 2018ರಲ್ಲಿ ಒಂದು ಅಂದಾಜು ಕೊಟ್ಟರು. ಪರಿಚಯ ಸಾಧಾರಣ ಸ್ನೇಹವಾಗಲು ಒಟ್ಟಿಗೆ ಸುಮಾರು 50 ಗಂಟೆ ಕಳೆಯಬೇಕು, ಗಟ್ಟಿ ಸ್ನೇಹಕ್ಕೆ 90, ಆಪ್ತತೆಗೆ 200ಕ್ಕೂ ಹೆಚ್ಚು. ಒಟ್ಟಿಗೆ ದುಡಿದ ಹೊತ್ತು ಇದಕ್ಕೆ ಅಷ್ಟಾಗಿ ಒದಗುವುದಿಲ್ಲ. ಬಿಡುವಿನಲ್ಲಿ ಜೊತೆಗಿದ್ದ ಹೊತ್ತೇ ಮುಖ್ಯ. ನಾಲ್ಕು ವರ್ಷ ಪಕ್ಕದ ಕುರ್ಚಿಯಲ್ಲಿ ಕೂತವರ ಮನೆ ಎಲ್ಲಿದೆಯೆಂದೇ ನಮಗೆ ಗೊತ್ತಿರದಿರುವುದು ಇದಕ್ಕೇ ಇರಬೇಕು.

ಶಾಲೆಯಲ್ಲಿ 200 ಗಂಟೆ ಮಳೆಗಾಲ ಮುಗಿಯುವುದರೊಳಗೆ ಸಿಗುತ್ತಿತ್ತು. ದೊಡ್ಡವರಾದ ಮೇಲೆ ತಿಂಗಳಿಗೊಮ್ಮೆ ಎರಡು ಗಂಟೆ ಹೋಟೆಲಿನಲ್ಲಿ ಕೂತರೆ ಎಂಟು ವರ್ಷ ದಾಟುತ್ತದೆ. ವಾರವಾರ ಸಿಕ್ಕರೆ ಎರಡೇ ವರ್ಷ.

ನನಗೆ ಆ ಗಂಟೆಗಳನ್ನು ಕೊಟ್ಟದ್ದು ಭಾನುವಾರ ಸಂಜೆಯ ಯಕ್ಷಗಾನ ತರಗತಿ. ನಲವತ್ತು ದಾಟಿದ ಆರೇಳು ಮಂದಿ ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕುತ್ತಿದ್ದೆವು. ಆಕ್ಸ್‌ಫರ್ಡ್ ಸಂಶೋಧಕರು 2015ರಲ್ಲಿ ಬ್ರೆಜಿಲ್‌ನ ವಿದ್ಯಾರ್ಥಿಗಳನ್ನು ಕುಣಿಸಿ ನೋಡಿದ್ದಾರೆ. ಒಂದೇ ತಾಳಕ್ಕೆ ಒಂದೇ ಹೆಜ್ಜೆ ಹಾಕಿದವರಲ್ಲಿ ನೋವು ತಾಳುವ ಶಕ್ತಿಯೂ ಪರಸ್ಪರ ಹತ್ತಿರದವರೆಂಬ ಭಾವವೂ ಹೆಚ್ಚಿದವು. ಇದರ ಹಿಂದೆ ನೋವು ತಗ್ಗಿಸಿ ಹಿತವೆನಿಸುವ, ಮಿದುಳಿನ ಎಂಡಾರ್ಫಿನ್ ಎಂಬ ರಾಸಾಯನಿಕ ಇದೆಯೆಂದು ಅವರ ಊಹೆ. ನಮಗೆ ತರಗತಿಯ ನಂತರದ ಚಹಾ, ಗೋಳಿಬಜೆಯೂ ಇತ್ತು. ಬಯಲಾಟಕ್ಕೆ ಹೋಗಿ ಬೆಳಗಾಗುವವರೆಗೆ ಕೂತರಂತೂ ಒಂದೇ ರಾತ್ರಿಗೆ ಎಂಟು ಗಂಟೆ! ಎರಡನೆಯ ವರ್ಷದಲ್ಲಿ ಯಾವಾಗಲೋ ಅವರಲ್ಲೊಬ್ಬರು ನನಗೆ "ಮಾರಾಯ್ರೆ" ಅನ್ನುವುದನ್ನು ಬಿಟ್ಟು "ಮಾರಾಯ" ಅಂದರು.

ಆ ಗೆಳೆಯ ಈಗ ಅಬುಧಾಬಿಯಲ್ಲಿದ್ದಾನೆ. ಎಷ್ಟೋ ಸಲ ಮೆಸೇಜ್ ಬರೆದು ಅಳಿಸಿದ್ದೇನೆ, ಸುಮ್ಮನೆ ಯಾಕೆ ತೊಂದರೆ ಎಂದು. ಅಮೆರಿಕದ ಸಂಶೋಧಕಿ ಪೆಗ್ಗಿ ಲಿಯು ಮತ್ತು ಸಂಗಡಿಗರು 2022ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಅಳುಕು ತಪ್ಪೆನ್ನುತ್ತವೆ: ನೆನಪಿಸಿಕೊಂಡು ಮಾತಾಡಿಸಿದರೆ ಎದುರಿನವರಿಗೆ ನಾವು ಎಣಿಸಿದ್ದಕ್ಕಿಂತ ಹೆಚ್ಚು ಖುಷಿಯಾಗುತ್ತದೆ, ಅನಿರೀಕ್ಷಿತವಾದಷ್ಟೂ ಇನ್ನೂ ಹೆಚ್ಚು.

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ಆ ವರ್ಷದ ತಿರುಗಾಟ ಮುಗಿಸುವ ಮುನ್ನಾ ದಿನಗಳಲ್ಲಿ ಒಂದು ಆಟದ ಚೆಂಡೆಯನ್ನು ಮೊಬೈಲಿನಲ್ಲಿ ಹಿಡಿದು ಅವನಿಗೆ ಕಳಿಸಿದೆ. ಬೇರೇನೂ ಬರೆಯಲಿಲ್ಲ. ಹತ್ತು ನಿಮಿಷದಲ್ಲಿ ಉತ್ತರ ಬಂತು: "ಯಾವ ಮೇಳ ಮಾರಾಯ? ಇನ್ನೂ ಸ್ವಲ್ಪ ಕಳಿಸು."