ಪೋಲ್ಡರ್: ಸೈಕಲ್ ದೂರಕ್ಕೆ ಕಟ್ಟಿದ ಊರುಗಳು

ಪೋಲ್ಡರ್ ಡಚ್ ಭಾಷೆಯ ಪದ. ಸುತ್ತ ಏರಿ ಕಟ್ಟಿ, ಒಳಗಿನ ನೀರನ್ನು ಎತ್ತಿ ಹೊರಹಾಕಿ ಪಡೆದ ತಗ್ಗು ನೆಲಕ್ಕೆ ಈ ಹೆಸರು. ಮಣ್ಣು ಸುರಿದು ಕಡಲನ್ನು ತುಂಬಿಸುವುದು ಬೇರೆ, ಇದು ಬೇರೆ. ಕಡಲು ಬತ್ತಿಸಿ ಮಾಡಿದ ಪೋಲ್ಡರಿನಲ್ಲಿ ಕಡಲ ತಳವೇ ಹೊಲವಾಗುತ್ತದೆ. ಹೊರಗಿನ ನೀರಿಗಿಂತ ಈ ನೆಲ ಕೆಳಗಿರುವುದರಿಂದ ಪಂಪುಗಳಿಗೆ ಯಾವತ್ತೂ ಬಿಡುವಿಲ್ಲ. ಮಳೆ ನೀರು, ಒಸರಿದ ನೀರು ಎಲ್ಲವನ್ನೂ ಎತ್ತುತ್ತಲೇ ಇರಬೇಕು.

ನನಗೆ ಇದರಲ್ಲಿ ಜಾಸ್ತಿ ಇಷ್ಟವಾಗುವುದು ಅಲ್ಲಿನ ಊರುಗಳ ಕಥೆ. ಬೇರೆ ಕಡೆ ಊರು ಹುಟ್ಟುವುದು ಹೊಳೆ ದಂಡೆಯಲ್ಲಿ, ದಾರಿ ಕೂಡುವಲ್ಲಿ. ಆಗಷ್ಟೇ ಒಣಗಿದ ಕಡಲ ತಳದಲ್ಲಿ ದಾರಿಯೇ ಇರುವುದಿಲ್ಲ ಅಲ್ವಾ? ಹಾಗಾದರೆ ಊರು ಎಲ್ಲಿ ಕಟ್ಟುವುದು?

ನೆದರ್ಲೆಂಡ್ಸ್‌ನ ನೋರ್ಡ್‌ಓಸ್ಟ್‌ಪೋಲ್ಡರ್ ಇದಕ್ಕೆ ಚೆನ್ನಾದ ಉದಾಹರಣೆ. 1932ರಲ್ಲಿ ಸುಮಾರು 32 ಕಿ.ಮೀ. ಉದ್ದದ ಏರಿ ಕಟ್ಟಿ ಜೈಡರ್‌ಜೀ ಎಂಬ ಒಳಗಡಲನ್ನು ಮುಚ್ಚಿದರು. ಅದರ ಒಂದು ಭಾಗ 1942ರಲ್ಲಿ ಒಣ ನೆಲವಾಯಿತು. ನಡುವೆ ಎಮ್ಮೆಲೋರ್ಡ್ ಎಂಬ ಪಟ್ಟಣ, ಸುತ್ತ ಬಳೆಯ ಹಾಗೆ ಹತ್ತು ಹಳ್ಳಿ. ಹೊಲಗಳಿಗೂ ಒಂದು ಅಳತೆ: 800 ಮೀಟರ್ ಉದ್ದ, 300 ಮೀಟರ್ ಅಗಲ, ಅಂದರೆ 24 ಹೆಕ್ಟೇರ್. ರೈತನ ಮನೆ ಹೊಲದ ತಲೆಗೆ, ರಸ್ತೆ ಪಕ್ಕ. ಕೂಲಿಯಾಳುಗಳಲ್ಲಿ ಹೆಚ್ಚಿನವರ ಮನೆ ಹಳ್ಳಿಯಲ್ಲಿ. ಅವರು ಸೈಕಲ್ ತುಳಿದು ಹೊಲಕ್ಕೆ ಹೋಗಬೇಕು, ಮಕ್ಕಳು ಶಾಲೆಗೆ ಬರಬೇಕು. ಹಳ್ಳಿಗಳ ನಡುವಿನ ದೂರವನ್ನು ಆ ಲೆಕ್ಕದಲ್ಲೇ ಇಟ್ಟರು. ನಡುವೆ ದೊಡ್ಡ ಊರು, ಸುತ್ತ ಸಮ ದೂರದಲ್ಲಿ ಸಣ್ಣ ಊರುಗಳು ಎಂಬ ಇಂಥದ್ದೇ ಜೋಡಣೆಯನ್ನು ಜರ್ಮನಿಯ ಭೂಗೋಳ ತಜ್ಞ ವಾಲ್ಟರ್ ಕ್ರಿಸ್ಟಾಲರ್ 1933ರಲ್ಲಿ 'ಕೇಂದ್ರ ಸ್ಥಳ ಸಿದ್ಧಾಂತ'ದಲ್ಲಿ ವಿವರಿಸಿದ್ದರು.

ಎಲ್ಲವೂ ಹೊಸದೇ ಅಂತಲ್ಲ. ಸ್ಕೋಕ್‌ಲ್ಯಾಂಡ್ ಎಂಬ ಹಳೆಯ ದ್ವೀಪ ಈಗ ಇದೇ ಹೊಲಗಳ ನಡುವೆ ಸಣ್ಣ ದಿಬ್ಬವಾಗಿ ನಿಂತಿದೆ. ಅಲೆಗಳ ಕಾಟ, ಬಡತನ ತಾಳಲಾಗದ ಅಲ್ಲಿನ ಜನರನ್ನು 1859ರಲ್ಲೇ ತೆರವು ಮಾಡಿಸಿದ್ದರು.

ಆದರೆ ಸೈಕಲ್ಲಿನ ಲೆಕ್ಕ ಬಹಳ ಕಾಲ ಉಳಿಯಲಿಲ್ಲ. ಟ್ರ್ಯಾಕ್ಟರ್ ಬಂತು, ಹೊಲಕ್ಕೆ ಆಳುಗಳು ಕಡಿಮೆ ಸಾಕಾಯಿತು. ಕಾರು ಬಂತು, ಜನ ದೂರದ ಪೇಟೆಗೇ ಹೋಗತೊಡಗಿದರು. ಅದೇ ಒಳಗಡಲಿನ ಇನ್ನೊಂದು ಪೋಲ್ಡರ್, 1957ರಲ್ಲಿ ಒಣಗಿದ ಪೂರ್ವ ಫ್ಲೆವೊಲ್ಯಾಂಡ್‌ಗೆ ಮೊದಲು ಹಲವು ಹಳ್ಳಿಗಳ ನಕ್ಷೆ ಬರೆದಿದ್ದರು. ಕೊನೆಗೆ ಡ್ರೋಂಟೆನ್ ಪಟ್ಟಣದ ಜೊತೆ ಕಟ್ಟಿದ್ದು ಎರಡೇ ಹಳ್ಳಿ. 1968ರಲ್ಲಿ ಒಣಗಿದ ದಕ್ಷಿಣ ಫ್ಲೆವೊಲ್ಯಾಂಡ್‌ನಲ್ಲಂತೂ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಮನೆ ಸಿಗದವರಿಗಾಗಿ ಅಲ್ಮೇರೆ ಎಂಬ ನಗರವೇ ಎದ್ದಿತು. ಈಗ ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಇದ್ದಾರೆ.