ಅರೋರಾ ಬಂದಾಗ ಆಕಾಶದಲ್ಲಿ ಕರೆಂಟ್ ಜಾಸ್ತಿ ಹರಿಯುವುದು ಯಾಕೆ?

ಪ್ರಶ್ನೆ: ಅರೋರಾ (ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು) ಹೊಳೆದಾಗ ಅದರ ಸುತ್ತ ಲಕ್ಷಗಟ್ಟಲೆ ಆಂಪಿಯರ್ ಕರೆಂಟ್ ಹರಿಯುತ್ತೆ ಅಂತ ಓದಿದೆ. ಗಾಳಿಯಲ್ಲಿ ಕರೆಂಟ್ ಹರಿಯಲ್ಲ ಅಲ್ವಾ? ನಮ್ಮ ಕೊಡಗಿನ ಮೇಲೂ ಹೀಗಾಗುತ್ತಾ?
– ಸೋಮವಾರಪೇಟೆಯ ಓದುಗರು

ಉತ್ತರ: ನಾವು ಉಸಿರಾಡುವ ಗಾಳಿಯಲ್ಲಿ ಹರಿಯಲ್ಲ, ಸರಿ. ನೂರು ಕಿಲೋಮೀಟರ್ ಮೇಲಿನ ಕತೆ ಬೇರೆ. ಅಲ್ಲಿ ಗಾಳಿ ತೀರಾ ತೆಳು. ಅಣುಗಳಿಂದ ಎಲೆಕ್ಟ್ರಾನ್ ಕಿತ್ತುಬಂದರೆ ಕರೆಂಟಿಗೆ ದಾರಿಯಾಯಿತು. ಹಗಲು ಆ ಕೆಲಸ ಮಾಡುವುದು ಬಿಸಿಲು. ಧ್ರುವದ ಕಡೆಯ ರಾತ್ರಿಯಲ್ಲಿ ಮಾಡುವುದು ಮೇಲಿಂದ ಸುರಿಯುವ ಎಲೆಕ್ಟ್ರಾನುಗಳು. ಅವು ಗಾಳಿಗೆ ಬಡಿದಾಗ ಹೊಳೆಯುವ ಬೆಳಕೇ ಅರೋರಾ.

ಒಂದೇ ಒಂದು ಎಲೆಕ್ಟ್ರಾನನ್ನು ಹಿಂಬಾಲಿಸೋಣ. ಅದರ ಶಕ್ತಿ 10 ಕಿಲೋ ಎಲೆಕ್ಟ್ರಾನ್ ವೋಲ್ಟ್, ಅಂದರೆ ಹತ್ತು ಸಾವಿರ ಎಲೆಕ್ಟ್ರಾನ್ ವೋಲ್ಟ್ ಅಂದುಕೊಳ್ಳಿ. ಗಾಳಿಯ ಒಂದು ಅಣುವಿನಿಂದ ಎಲೆಕ್ಟ್ರಾನ್ ಕಿತ್ತಾಗಲೆಲ್ಲ ಸರಾಸರಿ 35 ಎಲೆಕ್ಟ್ರಾನ್ ವೋಲ್ಟ್ ಕಳೆದುಕೊಳ್ಳುತ್ತದೆ. ಪೂರ್ತಿ ಸುಸ್ತಾಗಿ ನಿಲ್ಲುವ ಹೊತ್ತಿಗೆ ಹತ್ತಿರ ಹತ್ತಿರ 280 ಅಣುಗಳಿಂದ ಎಲೆಕ್ಟ್ರಾನ್ ಕಿತ್ತಿರುತ್ತದೆ! ಇಂಥವು ಕೋಟಿಗಟ್ಟಲೆ ಬೀಳುತ್ತಲೇ ಇರುವುದರಿಂದ, ರಾತ್ರಿ ಒಂದು ಸೀಮೆನ್ಸ್ ಕೂಡ ಇಲ್ಲದ ವಾಹಕತೆ (ಕರೆಂಟ್ ಹರಿಯಲು ಬಿಡುವ ಗುಣ, ಅದರ ಅಳತೆ ಸೀಮೆನ್ಸ್) ಹತ್ತಾರು ಸೀಮೆನ್ಸ್‌ಗೆ ಏರಿಬಿಡುತ್ತದೆ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನನಗೆ ಮುಖ್ಯ ಅನಿಸುವುದು ಮುಂದಿನದು. ಎಷ್ಟು ಬಿತ್ತು ಅನ್ನುವಷ್ಟೇ ಎಷ್ಟು ಆಳಕ್ಕೆ ಇಳಿಯಿತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ತೋಟದಲ್ಲಿ ತುಂತುರು ಮಳೆ ನೆರಳಿನ ಮರದ ಎಲೆಗಳಲ್ಲೇ ಉಳಿದು, ಜೋರು ಮಳೆ ಮಾತ್ರ ಕಾಫಿ ಗಿಡದವರೆಗೆ ಬರುತ್ತದಲ್ಲ, ಹಾಗೆ. ಶಕ್ತಿ ಕಡಿಮೆಯಿರುವ ಎಲೆಕ್ಟ್ರಾನ್ 150 ಕಿಲೋಮೀಟರಿಗೂ ಮೇಲೆಯೇ ನಿಂತರೆ, 10 ಕಿಲೋ ಎಲೆಕ್ಟ್ರಾನ್ ವೋಲ್ಟಿನದು 105 ಕಿಲೋಮೀಟರಿನ ಆಸುಪಾಸಿಗೆ ಇಳಿಯುತ್ತದೆ.

ಸುಮಾರು 125 ಕಿಲೋಮೀಟರಿನಲ್ಲಿ ಅಯಾನುಗಳು (ಎಲೆಕ್ಟ್ರಾನ್ ಕಳೆದುಕೊಂಡ ಅಣುಗಳು) ಗಾಳಿಗೆ ಢಿಕ್ಕಿ ಹೊಡೆಯುತ್ತಾ ವಿದ್ಯುತ್ ಕ್ಷೇತ್ರದ ದಿಕ್ಕಿನಲ್ಲೇ ಸರಿಯುತ್ತವೆ. ಇದು ಪೆಡರ್ಸನ್ ಕರೆಂಟ್. ಗಾಳಿ ಬಿಸಿಯಾಗುವುದು ಇದರಿಂದ. ಇನ್ನೂ ಕೆಳಗೆ ಢಿಕ್ಕಿ ಎಷ್ಟು ಜಾಸ್ತಿ ಅಂದರೆ ಅಯಾನುಗಳು ಅಲ್ಲೇ ಸಿಕ್ಕಿಬೀಳುತ್ತವೆ, ಎಲೆಕ್ಟ್ರಾನುಗಳು ಮಾತ್ರ ಕ್ಷೇತ್ರಕ್ಕೆ ಅಡ್ಡವಾಗಿ ಓಡುತ್ತವೆ. ಅದು ಹಾಲ್ ಕರೆಂಟ್. ಹಾಗಾಗಿ ಬೀಳುವ ಎಲೆಕ್ಟ್ರಾನಿನ ಶಕ್ತಿ ಏರಿದಷ್ಟೂ ಹಾಲ್ ವಾಹಕತೆ ಪೆಡರ್ಸನ್ ವಾಹಕತೆಯನ್ನು ಹಿಂದಿಕ್ಕುತ್ತದೆ, 10 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹೊತ್ತಿಗೆ ಸುಮಾರು ಮೂರು ಪಟ್ಟು.

ನೆಲದ ಕಾಂತಕ್ಷೇತ್ರವನ್ನು ಜೋರಾಗಿ ಅಲುಗಾಡಿಸುವುದು ಈ ಅಡ್ಡ ಕರೆಂಟೇ. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್‌ನಲ್ಲಿ ಸುಮಾರು 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಕೂತದ್ದು ಇಂಥದೇ ಅಲುಗಾಟ ವಿದ್ಯುತ್ ಜಾಲವನ್ನು ಕೆಡಿಸಿದ್ದರಿಂದ.

ಇನ್ನು ಕೊಡಗು. ನಾವು ಭೂಕಾಂತೀಯ ಸಮಭಾಜಕಕ್ಕೆ ಹತ್ತಿರ ಇದ್ದೇವೆ. ಎಲೆಕ್ಟ್ರಾನುಗಳು ಇಳಿಯುವುದು ಭೂಮಿಯ ಕಾಂತರೇಖೆಗಳ ಜಾಡಿನಲ್ಲಿ. ಇಲ್ಲಿ ಆ ರೇಖೆಗಳು ಹೆಚ್ಚುಕಡಿಮೆ ಅಡ್ಡಡ್ಡ ಮಲಗಿರುವುದರಿಂದ ಅರೋರಾದ ಎಲೆಕ್ಟ್ರಾನುಗಳಿಗೆ ಇಳಿಯಲು ದಾರಿಯೇ ಇಲ್ಲ. 2024ರ ಮೇ ತಿಂಗಳ ದೊಡ್ಡ ಸೌರ ಬಿರುಗಾಳಿಯಲ್ಲೂ ಲಡಾಖಿನ ಹಾನ್ಲೆಯಲ್ಲಿ ಕೆಂಪು ಬೆಳಕು ಕಂಡಿತು, ಮಡಿಕೇರಿಯಲ್ಲಿ ಕಾಣಲಿಲ್ಲ. ನಮ್ಮ ಮೇಲಿನ ವಾಹಕತೆಯನ್ನು ನಡೆಸುವುದು ಬಿಸಿಲೇ. ಸಂಜೆಯಾದರೆ ಅದೂ ಬೇಗ ಇಳಿಯುತ್ತದೆ.